ಗೂಗಲ್‌ನಲ್ಲಿ ಕೂತು ಮನೆಗೆ ದಾರಿ ಹುಡುಕಿದ್ದು

ಮೊದಲೇ ಹೇಳಿಬಿಡ್ತೀನಿ, ಇದು ನೀವು ದಿನಾ ತಡಕಾಡೋ ಗೂಗಲ್ ಅಲ್ಲ. ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಗೂಗಲ್, ಕೃಷ್ಣಾ ನದಿ ದಂಡೆಯ ಊರು. ಅಲ್ಲಮಪ್ರಭು ಇಲ್ಲಿನ ಗುಹೆಯಲ್ಲಿ ತಂಗಿದ್ದ, 'ಗುಹೆ ಕಲ್ಲು' ಅನ್ನೋದೇ ಬಾಯಿಂದ ಬಾಯಿಗೆ ಗೂಗಲ್ ಆಯ್ತು ಅಂತ ಊರವರು ಹೇಳ್ತಾರೆ. ನಮ್ಮಕ್ಕನನ್ನು ಕೊಟ್ಟ ಊರು.

ನಮ್ಮಪ್ಪ ತತ್ವಪದ ಹಾಡ್ತಿದ್ದರು. ಅವರು ಹೋದ ಮೇಲೆ ಉಳಿದದ್ದು ಒಂದು ಚೀಲ ಕ್ಯಾಸೆಟ್. ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಬೆಂಗಳೂರಿನ ಮನೆಯ ಹಳೇ ಡಬ್ಬಾದಲ್ಲಿ ಜೆಲ್ಲಿಫಿನ್ ಹಾಕಿ ಇಟ್ಟಿದ್ದೆ. 2018ರ ಕೊನೆಯಲ್ಲಿ ಎಂಬಿಯಿಂದ ಕವಲೊಡೆದ ಮುಕ್ತ ತಂತ್ರಾಂಶ ಇದು. ಮನೆಯ ಹಾಡು, ಸಿನಿಮಾಗಳನ್ನು ಎಲ್ಲಿಂದ ಬೇಕಾದರೂ ಕೇಳಬಹುದು, ನೋಡಬಹುದು. ಕೇಳಬಹುದು ಅಂತ ನಂಬಿಕೊಂಡು ಅಕ್ಕನ ಮನೆಗೆ ಹೋದೆ.

"ತಮ್ಮಾ, ಅಪ್ಪನ ಹಾಡು ಹಚ್ಚು" ಅಂದಳು. ಹಚ್ಚಿದೆ. ಚಕ್ರ ತಿರುಗಿತು, ತಿರುಗ್ತಾನೇ ಇತ್ತು. "ಹಾಡು ಹಚ್ಚು ಅಂದ್ರ ಬರೇ ಚಕ್ರ ತೋರಸಾಕತ್ತಿಯಲ್ಲೋ!"

ಮನೆಗೆ ಫೋನ್ ಮಾಡಿದೆ. "ಇಲ್ಲಿ ಟೀವಿಲಿ ಬರ್ತಿದೆಯಲ್ಲಪ್ಪಾ" ಅಂದಳು ಮಗಳು. ಅಂದರೆ ಸರ್ವರ್ ಬದುಕಿದೆ, ದಾರಿ ಸತ್ತಿದೆ. ಹೋದ ವರ್ಷ ಚೆನ್ನಾಗೇ ಬರ್ತಿತ್ತು. ಆಮೇಲೆ ನಾನು ಎರಡು ಬದಲಾವಣೆ ಮಾಡಿದ್ದೆ: ಇಂಟರ್ನೆಟ್ ಕನೆಕ್ಷನ್ ಬದಲಿಸಿದ್ದೆ, ಸರ್ವರಿಗೆ ತಿಂಗಳ ಬಾಡಿಗೆಯ ಒಂದು ವಿಪಿಎನ್ ಹಾಕಿದ್ದೆ.

ಸರ್ವರ್‌ನಿಂದಲೇ 'ನನ್ನ ವಿಳಾಸ ಏನು' ಅಂತ ತೋರಿಸೋ ಪುಟ ತೆಗೆಯಮ್ಮಾ ಅಂದೆ. ಸಿಂಗಾಪುರ ಅಂತ ಬಂತು! ಡಬ್ಬ ಇರೋದು ಬೆಂಗಳೂರಲ್ಲಿ, ವಿಳಾಸ ಮಾತ್ರ ಸಿಂಗಾಪುರದ್ದು. ಹಾಗಾಗಿ ಮುಂಬಾಗಿಲಿಗೆ ಯಾರಾದರೂ ಬಂದು ಕರೆದರೆ ಸರ್ವರ್ ಹಿತ್ತಲಿಂದ, ಸಿಂಗಾಪುರದ ದಾರಿಯಲ್ಲಿ ಉತ್ತರ ಕಳಿಸ್ತದೆ. ಕರೆದವನಿಗೆ ಅದು ಯಾರದೋ ಉತ್ತರ, ತಗೊಳ್ಳಲ್ಲ.

ವಿಪಿಎನ್ ಆರಿಸಿಸಿದೆ. ಆದರೂ ಚಕ್ರ. ಈಗ ರೂಟರಿನ ಪುಟದಲ್ಲಿರೋ ಹೊರ ವಿಳಾಸ ಓದು ಅಂದೆ. 100.72ರಿಂದ ಶುರುವಾಗೋ ನಂಬರು ಓದಿದಳು. ಹೊರಗಿನ ಪುಟ ತೋರಿಸ್ತಿದ್ದದ್ದೇ ಬೇರೆ ನಂಬರು. ಅಲ್ಲಿಗೆ ಗೊತ್ತಾಯ್ತು, ಒಂದಲ್ಲ, ಎರಡು ಬೀಗ ಬಿದ್ದಿವೆ.

ಈ ಬೀಗಗಳನ್ನು ಹಾಕಿದವರು ಯಾರು? ಅದರ ಇತಿಹಾಸ ಹೇಳಲಿಕ್ಕೇ ಇಷ್ಟೆಲ್ಲ ಪೀಠಿಕೆ ಹಾಕಿದ್ದು.

1981ರಲ್ಲಿ ಇಂಟರ್ನೆಟ್ಟಿನ ವಿಳಾಸ ಹೀಗಿರಬೇಕು ಅಂತ ಬರೆದಿಟ್ಟಾಗ 32 ಬಿಟ್ ಸಾಕು ಅಂದುಕೊಂಡರು. ಸುಮಾರು 429 ಕೋಟಿ ವಿಳಾಸ. ಆಗ ಅದು ಸಮುದ್ರದಂತೆ ಕಂಡಿರಬೇಕು. ಹತ್ತೇ ವರ್ಷದಲ್ಲಿ ಸಾಲದು ಅಂತ ಅರ್ಥವಾಯ್ತು. 1994ರಲ್ಲಿ ಎಗೆವಾಂಗ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ನ್ಯಾಟ್ ಅನ್ನೋ ಉಪಾಯ ಬರೆದರು: ಒಳಗೆ ಎಷ್ಟು ಯಂತ್ರಗಳಾದರೂ ಇರಲಿ, ಹೊರಗೆ ವಿಳಾಸ ಹಂಚಿಕೊಳ್ಳಲಿ. ಶಾಶ್ವತ ಪರಿಹಾರ ಬರೋವರೆಗಿನ ತಾತ್ಕಾಲಿಕ ಮದ್ದು ಅಂತ ಅವರೇ ಹೇಳಿದ್ದರು. ಮನೆಯೊಳಗಿನ 192.168 ಅನ್ನೋ ನಂಬರುಗಳನ್ನು ಖಾಸಗಿ ಬಳಕೆಗೆ ಅಂತ 1996ರ ದಾಖಲೆ ಹೇಳಿತು. 128 ಬಿಟ್‌ನ ಐಪಿವಿ6 ಎಂಬ ಶಾಶ್ವತ ಪರಿಹಾರ 1995ರಲ್ಲೇ ಕಾಗದದ ಮೇಲೆ ಬಂತು, ಆದರೆ ತಾತ್ಕಾಲಿಕ ಮದ್ದೇ ಊಟವಾಗಿಬಿಟ್ಟಿತ್ತು.

2011ರ ಫೆಬ್ರವರಿ 3ರಂದು ಜಾಗತಿಕ ಉಗ್ರಾಣದ ಕೊನೆಯ ಕಂತುಗಳು ಹಂಚಿಹೋದವು. ನಮ್ಮ ಏಷ್ಯಾ-ಪೆಸಿಫಿಕ್ ಪಾಲು ಏಪ್ರಿಲ್ 15ಕ್ಕೇ ತಳ ಮುಟ್ಟಿ, ಅಲ್ಲಿಂದ ಮುಂದೆ ರೇಷನ್. ಆಮೇಲೆ ಬಂದ ಕಂಪನಿಗಳು ಏನು ಮಾಡಬೇಕು? ಮನೆಯಲ್ಲಿದ್ದ ನ್ಯಾಟನ್ನೇ ತಮ್ಮ ಕಚೇರಿಯಲ್ಲೂ ಹಾಕಿದರು, ಎಷ್ಟೋ ಮನೆಗಳಿಗೆ ಒಂದೇ ವಿಳಾಸ. 2012ರಲ್ಲಿ ಇದಕ್ಕಂತಲೇ 100.64ರಿಂದ 100.127ರವರೆಗಿನ ನಂಬರು ಮೀಸಲಿಟ್ಟರು. ನನ್ನ 100.72 ಅದರೊಳಗಿನದೇ. ನನ್ನ ರೂಟರಲ್ಲಿ ಎಷ್ಟು ಬಾಗಿಲು ತೆರೆದರೂ ಬೀದಿಯ ಗೇಟಿನ ಕೀಲಿ ನನ್ನ ಹತ್ತಿರ ಇಲ್ಲ.

ಇನ್ನು ವಿಪಿಎನ್ ಕಥೆ. ಅದು ನಮ್ಮ ಬೆಂಗಳೂರಿಗೆ ಹತ್ತಿರದ್ದು. 1985ರಲ್ಲಿ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಉಪಗ್ರಹದ ಮೂಲಕ ತನ್ನದೇ ಸಂಪರ್ಕ ಹಾಕಿಸಿಕೊಂಡಿತು. ನಿಜವಾದ ಖಾಸಗಿ ದಾರಿ ಅಂದರೆ ಅದು, ಕಾಸಿದ್ದವರಿಗೆ ಮಾತ್ರ. 1991ರಲ್ಲಿ ಹುಟ್ಟಿದ ಎಸ್‌ಟಿಪಿಐ ಅಂಥ ಸಂಪರ್ಕವನ್ನು ಸಣ್ಣ ಕಂಪನಿಗಳಿಗೂ ಹಂಚಿತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಇಂಟರ್ನೆಟ್ಟನ್ನು ಜನಸಾಮಾನ್ಯರಿಗೆ ಕೊಟ್ಟ ಮೇಲೆ ಸಾರ್ವಜನಿಕ ರಸ್ತೆಯೂ ಬಂತು. ಆ ರಸ್ತೆಯೊಳಗೇ ಗುಟ್ಟಿನ ಸುರಂಗ ತೋಡೋದು ವಿಪಿಎನ್. ಪಿಪಿಟಿಪಿ ಅನ್ನೋ ವಿಧಾನ 1999ರಲ್ಲಿ ದಾಖಲಾಯ್ತು, 2001ರಲ್ಲಿ ಓಪನ್‌ವಿಪಿಎನ್ ಬಂತು. ಉದ್ದೇಶ ಒಂದೇ: ಹೊರಗಿದ್ದವನು ಆಫೀಸಿನ ಒಳಗೆ ಬರಬೇಕು.

ಆಮೇಲೆ ಅದೇ ವಿದ್ಯೆಯನ್ನು ಉಲ್ಟಾ ಮಾಡಿ, ಒಳಗಿದ್ದವನು ಮುಖ ಮುಚ್ಚಿಕೊಂಡು ಹೊರಗೆ ಹೋಗಲಿಕ್ಕೆ ಮಾರಾಟಕ್ಕಿಟ್ಟರು. 2022ರ ಏಪ್ರಿಲ್ 28ರಂದು ಸರ್ಟ್-ಇನ್, ಗಿರಾಕಿಗಳ ವಿವರ ಐದು ವರ್ಷ ಇಟ್ಟಿರಬೇಕು ಅಂತ ಆದೇಶ ಮಾಡಿದಾಗ ಕೆಲವು ವಿಪಿಎನ್ ಕಂಪನಿಗಳು ಭಾರತದಲ್ಲಿದ್ದ ಸರ್ವರುಗಳನ್ನೇ ಕಿತ್ತುಕೊಂಡು ಹೋದವು. ನಾನು ಹಾಕಿಸಿಕೊಂಡದ್ದು ಈ ಉಲ್ಟಾ ವಿಪಿಎನ್. ನನಗೆ ಬೇಕಿದ್ದದ್ದು ಹಳೇದು!

ಹೊರಗಿಂದ ತೆರೆಯೋಕಾಗದ ಬಾಗಿಲನ್ನು ಒಳಗಿಂದ ತೆರೆಯಬಹುದು. ಅದಕ್ಕೇ ಒಂದು ಸಣ್ಣ ಬಾಡಿಗೆ ಯಂತ್ರ ತಗೊಂಡೆ, ಅದಕ್ಕೆ ತನ್ನದೇ ಸಾರ್ವಜನಿಕ ವಿಳಾಸ ಇದೆ. 2020ರ ಮಾರ್ಚ್‌ನಲ್ಲಿ ಲಿನಕ್ಸ್ ಕರ್ನಲ್ಲಿಗೇ ಸೇರಿಕೊಂಡ ವೈರ್‌ಗಾರ್ಡನ್ನು ಅದರಲ್ಲಿ ಹಾಕಿದೆ. ಮನೆ ಸರ್ವರಿಗೆ ಬೇಕಾದ ಸಾಲುಗಳನ್ನು ನಾನು ಕಟ್ಟೆ ಮೇಲೆ ಕೂತು ಹೇಳಿದೆ, ಮಗಳು ಕುಟ್ಟಿದಳು. ಮನೆ ಆ ಯಂತ್ರವನ್ನು ಕರೆಯುತ್ತೆ, ನನ್ನ ಮೊಬೈಲೂ ಅದನ್ನೇ ಕರೆಯುತ್ತೆ, ನಡುವೆ ಇಬ್ಬರ ಭೇಟಿ. ನ್ಯಾಟಿಗೆ ಮರೆವು ಜಾಸ್ತಿ, ಸುಮ್ಮನಿದ್ದರೆ ದಾರಿ ಮುಚ್ಚಿಬಿಡ್ತದೆ. ಅದಕ್ಕೇ ಪ್ರತಿ 25 ಸೆಕೆಂಡಿಗೊಮ್ಮೆ 'ಇದ್ದೀನಿ' ಅಂತ ಹೇಳೋ ಹಾಗೆ ಒಂದು ಸಾಲು. ಸಿಂಗಾಪುರದ ವಿಪಿಎನ್ನನ್ನು ಸರ್ವರಿಂದ ತೆಗೆದೇ ಹಾಕಿದೆ. ಎರಡೂ ಕಡೆ ಐಪಿವಿ6 ಇದ್ದಿದ್ದರೆ ಈ ಬಾಡಿಗೆ ಯಂತ್ರವೂ ಬೇಕಿರಲಿಲ್ಲವೇನೋ, ನನ್ನ ಮನೆಯ ಲೈನಿನಲ್ಲಿ ಅದಿರಲಿಲ್ಲ.

ಎರಡು ತಾಸು ಹಿಡೀತು. ಕ್ಯಾಸೆಟ್ಟಿನ ಗುಂಯ್ ಸದ್ದು, ಅಪ್ಪ ಕೆಮ್ಮಿದ್ದು, ಆಮೇಲೆ ಏಕತಾರಿ. ಅಕ್ಕ ರೊಟ್ಟಿ ಬಡಿಯೋದು ನಿಲ್ಲಿಸಿದಳು. ಹಾಡು ಮುಗಿದ ಮೇಲೆ "ಇನ್ನೊಮ್ಮೆ ಹಚ್ಚು" ಅಂದಳು, ಅಷ್ಟೇ.

ನಿಮ್ಮಲ್ಲೂ ಯಾರಾದರೂ ಹೀಗೆ ಮನೆ ಹೊರಗೆ ಸಿಕ್ಕಿಹಾಕಿಕೊಂಡಿದ್ದರೆ ಮೊದಲು ರೂಟರಿನ ನಂಬರನ್ನೂ ಹೊರಗೆ ಕಾಣೋ ನಂಬರನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೋಡುವಾಗ ವಿಪಿಎನ್ ಆರಿಸಿರಿ, ಇಲ್ಲಾಂದ್ರೆ ನನ್ನ ಹಾಗೆ ಸಿಂಗಾಪುರ ಸುತ್ತಿ ಬರ್ತೀರಿ. ನೀವು ಬೇರೆ ದಾರಿ ಕಂಡುಕೊಂಡಿದ್ದರೆ ನನಗೂ ತಿಳಿಸಿ. ಚೀಲದಲ್ಲಿ ಇನ್ನೂ ಹನ್ನೊಂದು ಕ್ಯಾಸೆಟ್ ಇಳಿಸೋದು ಬಾಕಿ ಇದೆ.