ಕಾಡಿನ ಮರ, ಬಯಲಿನ ಚಕ್ಕಡಿ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳು ಧಾರವಾಡದ ಬಯಲಿಗೆ ಮುಖ ಮಾಡಿದ್ದರೆ, ದಾಂಡೇಲಿ ಮತ್ತು ಜೋಯಿಡಾ ಕಾಳಿ ನದಿಯ ಕಣಿವೆಯ ದಟ್ಟಡವಿಗೆ ಸೇರಿವೆ. ಮರ ಒಂದು ಕಡೆ, ಹೊರಬೇಕಾದ ದವಸಧಾನ್ಯ ಇನ್ನೊಂದು ಕಡೆ ಇದ್ದ ಈ ಸೀಮೆಯಲ್ಲಿ ಎರಡನ್ನೂ ಬೆಸೆದದ್ದು ಚಕ್ಕಡಿ, ಅಂದರೆ ಎರಡು ದೊಡ್ಡ ಗಾಲಿಗಳ ಎತ್ತಿನ ಬಂಡಿ. ಇಂದು ಕೈತೋಟಗಳಲ್ಲಿಯೂ ರೆಸಾರ್ಟುಗಳ ಅಂಗಳದಲ್ಲಿಯೂ ಹೂಕುಂಡ ಹೊತ್ತು ನಿಲ್ಲುವ ಅಲಂಕಾರದ ಕಿರುಬಂಡಿ ತನ್ನ ಆಕಾರವನ್ನು ಪಡೆದಿರುವುದು ದುಡಿಮೆಯ ಈ ವಾಹನದಿಂದಲೇ.

ಘಟ್ಟದ ಹಾದಿಗಳಲ್ಲಿ ಚಕ್ಕಡಿಯ ಇತಿಹಾಸ ಬಹಳ ಹಳೆಯದಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಕರಾವಳಿಯ ಉಪ್ಪನ್ನೂ ಬಯಲಿನ ಧಾನ್ಯವನ್ನೂ ಸಾಗಿಸುತ್ತಿದ್ದುದು ಬಹುಮಟ್ಟಿಗೆ ಲಂಬಾಣಿಗರ ಹೇರೆತ್ತುಗಳು, ಎಂದರೆ ಬೆನ್ನ ಮೇಲೆ ಚೀಲ ಹೊತ್ತು ಸಾಲಾಗಿ ನಡೆಯುವ ಎತ್ತುಗಳು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂದಾಗ ಧಾರವಾಡ ಸೀಮೆಯ ಅರಳೆಗೆ ಬೆಲೆ ಏರಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗಾವಣೆಯಾಯಿತು. ಆ ಅರಳೆಯನ್ನು ಸಾಗಿಸಲು ಕುಮಟಾ ಮತ್ತು ಕಾರವಾರ ಬಂದರುಗಳಿಗೆ ಇಳಿಯುವ ಘಟ್ಟದ ರಸ್ತೆಗಳು ಬಂಡಿಗಳಿಗೆ ತೆರೆದುಕೊಂಡವು. ಆದರೆ 1880ರ ದಶಕದ ಕೊನೆಗೆ ಇಂದಿನ ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಮೂಲಕ ರೈಲು ಮುರಗಾಂವ ಬಂದರನ್ನು ಮುಟ್ಟಿದ ಮೇಲೆ ದೂರದ ಹೇರು ರೈಲಿನ ಪಾಲಾಗಿ, ಚಕ್ಕಡಿಗೆ ಹೊಲ, ಸಂತೆ ಮತ್ತು ಜಾತ್ರೆಗಳ ಓಡಾಟವಷ್ಟೇ ಉಳಿಯಿತು.

ಚಕ್ಕಡಿ ಕಟ್ಟುವುದು ಬಡಿಗ ಮತ್ತು ಕಂಬಾರ ಇಬ್ಬರೂ ಕೂಡಿ ಮಾಡುವ ಕೆಲಸವಾಗಿದ್ದು, ರೈತರು ಅವರ ವರ್ಷದ ದುಡಿಮೆಗೆ ಸುಗ್ಗಿಯಲ್ಲಿ ಆಯ, ಎಂದರೆ ಗೊತ್ತುಪಡಿಸಿದ ಧಾನ್ಯದ ಪಾಲು, ಕೊಡುತ್ತಿದ್ದರು. ಬಯಲಿನ ಬಡಿಗರು ಗಾಲಿಗೆ ಗಟ್ಟಿಯಾದ ಜಾಲಿಯನ್ನು ನೆಚ್ಚಿದರೆ, ಕಾಡಿನಂಚಿನವರಿಗೆ ಬಾಗದ ಸಾಗವಾನಿ, ಭಾರ ತಾಳುವ ಮತ್ತಿ, ಅಚ್ಚಿಗೆ ಹೇಳಿ ಮಾಡಿಸಿದಂಥ ದಿಂಡಲ ಮರಗಳು ಕೈಗೆಟುಕುವಂತಿದ್ದವು. ಆದರೆ 1878ರ ಅರಣ್ಯ ಕಾಯ್ದೆಯ ಬಳಿಕ ಕಾಡು ಮೀಸಲಾಗಿ ಮರ ಕಡಿಯಲು ಅಪ್ಪಣೆ ಬೇಕಾಯಿತು. ಗಾಲಿಯ ನಡುವಿನ ಗುಂಬಕ್ಕೆ ತೂತು ಕೊರೆದು ಅರಗಳನ್ನು ನಾಟಿ, ಅವುಗಳ ತುದಿಗೆ ಬಾಗಿದ ಮರದ ತುಂಡುಗಳನ್ನು ಜೋಡಿಸಿ ವೃತ್ತವನ್ನು ಮುಗಿಸುತ್ತಿದ್ದರು. ಆಮೇಲೆ ವೃತ್ತಕ್ಕಿಂತ ತುಸು ಚಿಕ್ಕದಾದ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ಗಾಲಿಯ ಮೇಲೆ ಕೂರಿಸಿ ನೀರು ಹೊಯ್ದರೆ, ಕಬ್ಬಿಣ ಕುಗ್ಗಿ ಎಲ್ಲ ಬೆಸುಗೆಗಳನ್ನೂ ಬಿಗಿದು ಹಿಡಿಯುತ್ತಿತ್ತು. ಗಾಲಿಯ ಚೆಲುವು ಹೀಗೆ ಭಾರ ಹೊರುವ ಅಗತ್ಯದಿಂದಲೇ ಹುಟ್ಟಿದ್ದು.

ಅಲಂಕಾರ ಪ್ರತ್ಯೇಕವಾಗಿ ಸೇರುತ್ತಿದ್ದುದು ಜಾತ್ರೆಗೆ ಹೊರಟಾಗ. ಹನ್ನೆರಡನೆಯ ಶತಮಾನದ ಶರಣ ಚೆನ್ನಬಸವಣ್ಣನವರ ಸಮಾಧಿ ಸ್ಥಳವಾದ ಜೋಯಿಡಾ ತಾಲ್ಲೂಕಿನ ಉಳವಿಗೆ ಮಾಘ ಮಾಸದ ಭಾರತ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಧಾರವಾಡ, ಬೆಳಗಾವಿ ಕಡೆಯ ಭಕ್ತರು ಚಕ್ಕಡಿ ಹೂಡಿಕೊಂಡು ಕಾಡುದಾರಿಯಲ್ಲಿ ಬರುವ ರೂಢಿ ಇಂದಿಗೂ ನಿಂತಿಲ್ಲ. ಬಂಡಿಯ ಮೇಲೆ ಬಿದಿರಿನ ಕಮಾನು ಕಟ್ಟಿ ಚಾಪೆ ಹೊದಿಸಿದ ಕೊಲ್ಲಾರಿ, ಎತ್ತಿನ ಬೆನ್ನಿಗೆ ಬಣ್ಣದ ಜೂಲ, ಕೊಂಬಿಗೆ ಕೊಂಬಣಸು, ಕೊರಳಿಗೆ ಗೆಜ್ಜೆಸರ, ಇವೆಲ್ಲ ಸೇರಿ ಹೊಲದ ಬಂಡಿಯನ್ನು ಕೆಲವು ದಿನಗಳ ಮಟ್ಟಿಗೆ ಉತ್ಸವದ ರಥವನ್ನಾಗಿಸುತ್ತವೆ.

ಸ್ವಾತಂತ್ರ್ಯಾನಂತರ ರಬ್ಬರ್ ಟೈರಿನ ಬಂಡಿಯೂ ಆಮೇಲೆ ಟ್ರ್ಯಾಕ್ಟರೂ ಬಂದು ಮರದ ಗಾಲಿಯ ಬೇಡಿಕೆ ಕುಸಿದಾಗ, ಹಳೆಯ ಗಾಲಿಗಳು ಅಂಗಳದ ಶೋಭೆಯಾದವು, ಅವುಗಳನ್ನು ನೋಡಿ ಕಿರುಬಂಡಿಗಳು ಹುಟ್ಟಿದವು. ಒಂದೇ ಹಲಗೆಯನ್ನು ದುಂಡಗೆ ಕತ್ತರಿಸಿ ಅರಗಳನ್ನು ಬಣ್ಣದಲ್ಲಿ ಬರೆದ ಬಂಡಿಗೂ, ಗುಂಬ, ಅರ, ಹಳಿಗಳನ್ನು ಅಳತೆಗಿಳಿಸಿ ಜೋಡಿಸಿದ ಬಂಡಿಗೂ ಇರುವ ಅಂತರ ಎಂಥವರ ಕಣ್ಣಿಗೂ ಬೀಳುತ್ತದೆ. ಎರಡನೆಯದನ್ನು ಮಾಡಬಲ್ಲವರು ನಿಜವಾದ ಗಾಲಿ ಕಟ್ಟಿದ ಹಿರಿಯ ಬಡಿಗರು ಮಾತ್ರ. ಆದುದರಿಂದ ಚಕ್ಕಡಿಯ ಅಂಗಾಂಗಗಳ ಹೆಸರು, ಅಳತೆ ಮತ್ತು ಮರದ ಆಯ್ಕೆಯನ್ನು ಅವರಿಂದಲೇ ಕೇಳಿ ದಾಖಲಿಸುವ ಕೆಲಸವನ್ನು ಸ್ಥಳೀಯ ಇತಿಹಾಸಕಾರರು ತಡಮಾಡದೆ ಕೈಗೆತ್ತಿಕೊಳ್ಳಬೇಕು.