ಮದುವೆ ಫೋಟೋ: ನಮ್ಮ ಮನೆಗೆ ಯಾವ ಶೈಲಿ ಒಪ್ಪುತ್ತದೆ?

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕಡೆಯ ಕನ್ನಡ ಮನೆಗಳಲ್ಲಿ ಮದುವೆ ಗೊತ್ತಾಯಿತೆಂದರೆ ಛತ್ರ, ಪುರೋಹಿತರು, ಅಡುಗೆಯವರು, ವಾಲಗದವರ ಜೊತೆಗೆ ಫೋಟೋದವರನ್ನೂ ಮುಂಚಿತವಾಗಿ ಹಿಡಿಯಬೇಕು. ಊಟ, ಅಲಂಕಾರ, ವಾಲಗ ಎಲ್ಲವೂ ಅಂದೇ ಮುಗಿಯುತ್ತವೆ. ಫೋಟೋ ಮಾತ್ರ ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ. ಆದರೂ ಹೆಚ್ಚಿನ ಮನೆಗಳಲ್ಲಿ ಮಾತುಕತೆ "ಟ್ರೆಡಿಷನಲ್‌ಗೆ ಎಷ್ಟು, ಕ್ಯಾಂಡಿಡ್‌ಗೆ ಎಷ್ಟು" ಎಂಬಲ್ಲಿಗೇ ನಿಲ್ಲುತ್ತದೆ. ಯಾವ ಶೈಲಿಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಗಡಿಭಾಗದ ಮದುವೆಗಳಲ್ಲಿ ಯಾವುದನ್ನು ಮೊದಲೇ ಹೇಳಿಡಬೇಕು ಎಂಬುದನ್ನು ನಮ್ಮ ಸದಸ್ಯ ಕುಟುಂಬಗಳ ಅನುಕೂಲಕ್ಕಾಗಿ ಇಲ್ಲಿ ಕೊಟ್ಟಿದ್ದೇವೆ.

ಸಾಂಪ್ರದಾಯಿಕ ಶೈಲಿ

ಎಲ್ಲರನ್ನೂ ನಿಲ್ಲಿಸಿ, ಕ್ಯಾಮೆರಾ ಕಡೆ ನೋಡಿಸಿ ತೆಗೆಯುವ ಪದ್ಧತಿ ಇದು. ಒಂದೊಂದು ಶಾಸ್ತ್ರಕ್ಕೂ ಒಂದು ಸ್ಪಷ್ಟ ಚಿತ್ರ, ಒಂದೊಂದು ಬಳಗಕ್ಕೂ ಒಂದು ಗುಂಪು ಫೋಟೋ. ಆರತಕ್ಷತೆಯಲ್ಲಿ ಮುಯ್ಯಿ ಮಾಡಲು ಸಾಲುಗಟ್ಟಿ ಬರುವವರೆಲ್ಲರ ಮುಖ ದಾಖಲಾಗುವುದು ಇದರಲ್ಲಿಯೇ. "ಹಳೆಯ ಕಾಲದ್ದು" ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಇಪ್ಪತ್ತು ವರ್ಷದ ನಂತರ ಆಲ್ಬಂ ತೆರೆದಾಗ "ಇವರು ಯಾರು, ನಮಗೆ ಏನಾಗಬೇಕು?" ಎಂದು ಮಕ್ಕಳು ಕೇಳುವುದು ಇಂಥ ಚಿತ್ರಗಳನ್ನು ನೋಡಿಯೇ.

ಇದರಿಂದ ಕಾನೂನಿನ ಉಪಯೋಗವೂ ಉಂಟು. ಆಂಧ್ರಪ್ರದೇಶದಲ್ಲಿ 2002ರ ಕಾಯ್ದೆಯಂತೆ ಮದುವೆ ನೋಂದಣಿ ಕಡ್ಡಾಯ. ನೋಂದಣಿಗೆ ಹೋದಾಗ ಸಾಮಾನ್ಯವಾಗಿ ಲಗ್ನಪತ್ರಿಕೆಯ ಜೊತೆಗೆ ಮದುವೆಯ ಫೋಟೋ ಕೇಳುತ್ತಾರೆ. ವಧೂವರರಿಬ್ಬರ ಮುಖವೂ ಚೆನ್ನಾಗಿ ಕಾಣುವ, ಶಾಸ್ತ್ರ ಯಾವುದೆಂದು ತಿಳಿಯುವ ಒಂದೆರಡು ಚಿತ್ರ ಇರಲೇಬೇಕು. ಮುಂದೆ ಹೊರದೇಶಕ್ಕೆ ಹೋಗುವ ದಂಪತಿಗೆ ವೀಸಾ ಅರ್ಜಿಯ ಹೊತ್ತಿನಲ್ಲೂ ಇವು ನೆರವಾಗುತ್ತವೆ.

ಇದರ ಕೊರತೆ ಸಮಯದ್ದು. ಪ್ರತಿ ಶಾಸ್ತ್ರದಲ್ಲೂ "ಇನ್ನೊಂದು ಸಲ, ಇತ್ತ ನೋಡಿ" ಎಂದು ನಿಲ್ಲಿಸಿದರೆ ಪುರೋಹಿತರಿಗೂ ಬೇಸರ, ಬೀಗರಿಗೂ ಬೇಸರ. ಮುಖಗಳೂ ಬಿಗಿದುಕೊಳ್ಳುತ್ತವೆ.

ಕ್ಯಾಂಡಿಡ್ ಶೈಲಿ

ಯಾರನ್ನೂ ನಿಲ್ಲಿಸದೆ, ನಡೆಯುವುದನ್ನು ನಡೆದಂತೆಯೇ ಹಿಡಿಯುವುದು ಕ್ಯಾಂಡಿಡ್. ನಮ್ಮವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ಹೀಗೆಯೇ ಸೆರೆಹಿಡಿದು ದೇಶದ ದೊಡ್ಡ ಪತ್ರಿಕಾ ಛಾಯಾಗ್ರಾಹಕರಲ್ಲಿ ಒಬ್ಬರಾದರು. ಮದುವೆಯಲ್ಲಿ ಈ ಶೈಲಿಯಿಂದ ಸಿಗುವುದು ತಂಗಿಯ ತಲೆಗೆ ಹೂ ಮುಡಿಸುವ ಅಕ್ಕ, ಧಾರೆಯ ಹೊತ್ತಿಗೆ ಕಣ್ಣೊರೆಸಿಕೊಳ್ಳುವ ಅಪ್ಪ, ಬಾಳೆ ಎಲೆಯ ಮುಂದೆ ನಿದ್ದೆಹೋದ ಮಗು.

ಆದರೆ ಕ್ಯಾಂಡಿಡ್ ತೆಗೆಯುವವರು ಎಲ್ಲರನ್ನೂ ತೆಗೆಯುವುದಿಲ್ಲ. ಅವರ ಕಣ್ಣಿಗೆ ಬಿದ್ದದ್ದು, ಬೆಳಕು ಚೆನ್ನಾಗಿದ್ದದ್ದು ಬರುತ್ತದೆ. ಕಲ್ಯಾಣದುರ್ಗದಿಂದ ಬಸ್ಸು ಮಾಡಿಕೊಂಡು ಬಂದ ದೊಡ್ಡಪ್ಪನ ಮನೆಯವರು ಒಂದು ಫೋಟೋದಲ್ಲೂ ಇಲ್ಲವೆಂದು ಆಮೇಲೆ ತಿಳಿದರೆ ಆ ಕೊರತೆ ತುಂಬುವಂತಿಲ್ಲ. ಆದ್ದರಿಂದ ಕ್ಯಾಂಡಿಡ್ ಒಂದನ್ನೇ ನಂಬುವುದು ದೊಡ್ಡ ಬಳಗದ ಮದುವೆಗೆ ಒಪ್ಪುವುದಿಲ್ಲ. ಐವತ್ತು ಅರವತ್ತು ಜನರ ಸಣ್ಣ ಮದುವೆಯಾದರೆ ಒಪ್ಪುತ್ತದೆ.

ಪ್ರೀ-ವೆಡ್ಡಿಂಗ್ ಮತ್ತು ಸಿನಿಮಾ ಶೈಲಿ

ಮದುವೆಗೆ ಮುಂಚೆ ಹುಡುಗ ಹುಡುಗಿ ಇಬ್ಬರನ್ನೇ ಒಂದು ಜಾಗಕ್ಕೆ ಕರೆದೊಯ್ದು ತೆಗೆಯುವುದು ಪ್ರೀ-ವೆಡ್ಡಿಂಗ್. ಇದನ್ನು ಮಾಡಿಸಲೇಬೇಕೆಂದಿಲ್ಲ. ಇಬ್ಬರಿಗೂ ಇಷ್ಟವಿದ್ದು, ಎರಡೂ ಮನೆಯವರು ಒಪ್ಪಿದ್ದರೆ ಮಾತ್ರ ಯೋಚಿಸಿ. ಸಾಲ ಮಾಡಿ ಮದುವೆ ಮಾಡುವ ಮನೆಯಲ್ಲಿ ಮೊದಲು ಕೈಬಿಡಬಹುದಾದ ಖರ್ಚೂ ಇದೇ.

ಹಿಂದೂಪುರದವರು ಇದಕ್ಕೆ ಮೊದಲು ನೆನೆಯುವುದು ಸುಮಾರು 15 ಕಿ.ಮೀ. ದೂರದ ಲೇಪಾಕ್ಷಿಯನ್ನು. ಅಲ್ಲಿನ ವೀರಭದ್ರ ದೇವಾಲಯವೂ ಏಕಶಿಲಾ ನಂದಿಯೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. 2022ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲೂ ಇವೆ. ಟ್ರೈಪಾಡ್, ಲೈಟು, ವಿಡಿಯೋ ತಂಡದೊಂದಿಗೆ ಹೋಗುವುದಾದರೆ ಇಲಾಖೆಯ ಅನುಮತಿಯನ್ನು ಮೊದಲೇ ಕೇಳಿ ಪಡೆಯಿರಿ. ಅದು ಪೂಜೆ ನಡೆಯುವ ಗುಡಿ ಎಂಬುದನ್ನೂ ಮರೆಯಬಾರದು. ಉಡುಪು, ಭಂಗಿ ಎರಡೂ ಅದಕ್ಕೆ ತಕ್ಕಂತಿರಲಿ.

ಲೇಪಾಕ್ಷಿಯ ಪೂರ್ತಿಯಾಗದ ಕಲ್ಯಾಣ ಮಂಟಪವನ್ನು ಹೋದವರು ಒಮ್ಮೆ ನಿಂತು ನೋಡಿ. ಶಿವ-ಪಾರ್ವತಿಯರ ಮದುವೆಯ ಆ ಮಂಟಪದ ಕಂಬಗಳಲ್ಲಿ ಮದುವೆಗೆ ಬಂದ ದೇವತೆಗಳನ್ನೂ ಋಷಿಗಳನ್ನೂ ಕೆತ್ತಿದ್ದಾರೆ. ಮದುವೆ ಎಂದರೆ ಬಂದವರೂ ಸೇರಿಯೇ ಎಂಬುದು ಆ ಶಿಲ್ಪಿಗಳಿಗೆ ಗೊತ್ತಿತ್ತು.

ಎರಡು ಕಡೆಯ ಶಾಸ್ತ್ರ, ಒಂದೇ ಕ್ಯಾಮೆರಾ

ನಮ್ಮ ಭಾಗದಲ್ಲಿ ಸಂಬಂಧಗಳು ಗಡಿ ದಾಟಿಯೇ ಬೆಳೆಯುತ್ತವೆ. ಹೆಣ್ಣು ಹಿಂದೂಪುರದ್ದು, ಗಂಡು ಗೌರಿಬಿದನೂರು, ಮಧುಗಿರಿ ಅಥವಾ ಪಾವಗಡದ್ದು. ಕಲ್ಯಾಣದುರ್ಗದ ಕಡೆಯವರಿಗೆ ಚಳ್ಳಕೆರೆಯ ನಂಟು. ಒಂದು ಮನೆಯಲ್ಲಿ ಕನ್ನಡ, ಇನ್ನೊಂದರಲ್ಲಿ ತೆಲುಗು. ಶಾಸ್ತ್ರಗಳ ಹೆಸರೂ ಕ್ರಮವೂ ಬೇರೆ ಬೇರೆ.

ಇದು ಫೋಟೋಗೆ ಹೇಗೆ ಮುಖ್ಯವೆಂದರೆ, ಹಲವು ತೆಲುಗು ಮನೆಗಳಲ್ಲಿ ವಧೂವರರು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ-ಬೆಲ್ಲ ಇಡುವ ಗಳಿಗೆಯೇ ಸುಮುಹೂರ್ತ. ತಾಳಿ ಕಟ್ಟುವುದನ್ನೇ ಕಾಯುತ್ತ ನಿಂತ ಫೋಟೋಗ್ರಾಫರ್‌ಗೆ ಅದು ತಪ್ಪಿಹೋಗಬಹುದು. ನಮ್ಮ ಹಲವು ಮನೆತನಗಳಲ್ಲಿ ಧಾರೆಯ ಹಾಲೆರೆಯಲು ಬಂಧುಗಳು ಒಬ್ಬೊಬ್ಬರಾಗಿ ಬರುತ್ತಾರೆ. ಅದು ಗೊತ್ತಿಲ್ಲದ ಫೋಟೋದವರು ಮೊದಲ ಒಂದೆರಡು ಜೋಡಿ ತೆಗೆದು ಕ್ಯಾಮೆರಾ ಕೆಳಗಿಳಿಸುತ್ತಾರೆ. ತೆಲುಗಿನವರ ತಲಂಬ್ರಾಲು ಒಂದೆರಡು ಗಳಿಗೆಯ ನಗುವಿನ ಆಟ. ಅದಕ್ಕೆ ಕ್ಯಾಮೆರಾ ಮೊದಲೇ ಸಿದ್ಧವಾಗಿರಬೇಕು.

ಆದ್ದರಿಂದ ಮದುವೆಗೆ ಒಂದು ವಾರ ಮುಂಚೆ ಎರಡೂ ಮನೆಯ ಹಿರಿಯರು, ಸಾಧ್ಯವಾದರೆ ಪುರೋಹಿತರನ್ನೂ ಕೇಳಿ, ಶಾಸ್ತ್ರಗಳ ಪಟ್ಟಿಯನ್ನು ಕ್ರಮವಾಗಿ ಒಂದು ಹಾಳೆಯಲ್ಲಿ ಬರೆದು ಕೊಡಿ. ಯಾವುದು ಎಷ್ಟು ಗಂಟೆಗೆ, ಯಾರು ಯಾರು ಇರಬೇಕು ಎಂದೂ ಬರೆಯಿರಿ. ಗಟ್ಟಿಮೇಳ ಶುರುವಾದ ಮೇಲೆ ಕೂಗಿ ಹೇಳಿದರೂ ಯಾರಿಗೂ ಕೇಳಿಸುವುದಿಲ್ಲ. ಅಕ್ಷತೆ ಹಾಕಲು ಮುಂದೆ ನುಗ್ಗುವವರು ಕ್ಯಾಮೆರಾಕ್ಕೆ ಅಡ್ಡ ಬರದಂತೆ ಮನೆಯ ಒಬ್ಬ ಹುಡುಗನಿಗೆ ಜವಾಬ್ದಾರಿ ವಹಿಸಿ.

ಅರಿಶಿನ ಶಾಸ್ತ್ರ, ಬಳೆ ಶಾಸ್ತ್ರದಂಥ ಹೆಂಗಸರ ಕಾರ್ಯಗಳಿಗೆ, ನಿಕಾಹ್‌ನಲ್ಲಿ ಹೆಣ್ಣಿನ ಕಡೆಯ ಕೋಣೆಗೆ ಮಹಿಳಾ ಫೋಟೋಗ್ರಾಫರ್ ಸಿಗುತ್ತಾರೆಯೇ ಎಂದು ವಿಚಾರಿಸಿ.

ಬಿಸಿಲು ಮತ್ತು ಬೆಳಕು

ವೈಶಾಖದ ಮದುವೆಗಳಲ್ಲಿ ನಮ್ಮ ಕಡೆ ಬಿಸಿಲೇ ದೊಡ್ಡ ಸಮಸ್ಯೆ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ಹಿಂದೂಪುರ, ಕಲ್ಯಾಣದುರ್ಗಗಳ ನೆತ್ತಿಯ ಮೇಲೇ ಇರುತ್ತಾನೆ. ಆ ಹೊತ್ತಿನಲ್ಲಿ ಬಯಲಿನಲ್ಲಿ ತೆಗೆದ ಫೋಟೋದಲ್ಲಿ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ, ಬಾಸಿಂಗದ ನೆರಳು ಮುಖವನ್ನೇ ಮುಚ್ಚುತ್ತದೆ. ಹೊರಗಿನ ಗುಂಪು ಫೋಟೋಗಳನ್ನು ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ನಂತರ ಇಟ್ಟುಕೊಳ್ಳಿ.

ಕೆಂಪು, ಹಳದಿ ಬಟ್ಟೆಯ ಶಾಮಿಯಾನದಡಿ ಎಲ್ಲರ ಮುಖಕ್ಕೂ ಅದೇ ಬಣ್ಣ ಹತ್ತುತ್ತದೆ. ಮನೆಯ ಮುಂದೆ ಹಾಕಿಸುವುದಾದರೆ ಒಳಗಡೆ ಬಿಳಿ ಬಟ್ಟೆ ಕಟ್ಟಿಸಿ. ಸೀರೆಯ ನಿಜವಾದ ಬಣ್ಣ ಆಲ್ಬಂನಲ್ಲಿ ಬರಬೇಕಾದರೆ ಇದು ಸುಲಭದ ಉಪಾಯ. ನಸುಕಿನ ಮುಹೂರ್ತವಾದರೆ ಫೋಟೋದವರು ತಮ್ಮ ಲೈಟು ತರುತ್ತಾರೆಯೇ, ಛತ್ರದಲ್ಲಿ ಜನರೇಟರ್ ಇದೆಯೇ ಎಂದು ಕೇಳಿಕೊಳ್ಳಿ.

ಡ್ರೋನ್ ಬೇಕೆ?

ಮೆರವಣಿಗೆ, ದೊಡ್ಡ ಬಯಲಿನ ಮದುವೆಗೆ ಡ್ರೋನ್ ಚೆನ್ನ. ಮುಚ್ಚಿದ ಛತ್ರದಲ್ಲಿ ಅದು ದಂಡದ ಖರ್ಚು, ಸದ್ದೂ ಹೆಚ್ಚು. 2021ರ ಡ್ರೋನ್ ನಿಯಮಗಳಂತೆ 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನನ್ನು ದುಡ್ಡಿಗೆ ಹಾರಿಸುವವರ ಬಳಿ ರಿಮೋಟ್ ಪೈಲಟ್ ಪ್ರಮಾಣಪತ್ರ ಇರಬೇಕು, ಡ್ರೋನ್‌ಗೆ ನೋಂದಣಿ ಸಂಖ್ಯೆ ಇರಬೇಕು. ಎರಡನ್ನೂ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಒಪ್ಪಂದ ಮತ್ತು ಹಕ್ಕು

ಅಡ್ವಾನ್ಸ್ ಕೊಡುವ ಮೊದಲು ಒಂದು ಹಾಳೆಯಲ್ಲಿ ಇವಿಷ್ಟನ್ನು ಬರೆಸಿಕೊಳ್ಳಿ:

- ಎಷ್ಟು ಜನ ಬರುತ್ತಾರೆ, ಯಾರು ಬರುತ್ತಾರೆ. ಆಲ್ಬಂ ತೋರಿಸಿದವರೇ ಬರುತ್ತಾರೆಯೇ?
- ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ.
- ತಿದ್ದಿದ ಫೋಟೋ ಎಷ್ಟು, ಆಲ್ಬಂ ಎಷ್ಟು ಪುಟ, ಎಷ್ಟು ದಿನದೊಳಗೆ.
- ತೆಗೆದ ಎಲ್ಲ ಫೋಟೋಗಳ ಮೂಲ ಪ್ರತಿ ಕೊಡುತ್ತಾರೆಯೇ.
- ನಮ್ಮನ್ನು ಕೇಳದೆ ಇನ್‌ಸ್ಟಾಗ್ರಾಮ್‌ನಲ್ಲಿ ಅಥವಾ ಜಾಹೀರಾತಿಗೆ ಹಾಕುವಂತಿಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್‌ನಂತೆ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರೇ. ಬೇರೆ ರೀತಿಯ ಒಪ್ಪಂದಕ್ಕೆ ಸಹಿ ಹಾಕಿದ್ದರೆ ಮಾತ್ರ ಇದು ಬದಲಾಗುತ್ತದೆ. ಆದ್ದರಿಂದ ಸಹಿ ಹಾಕುವ ಮೊದಲು ಸಣ್ಣ ಅಕ್ಷರವನ್ನೂ ಓದಿ.

ಫೋಟೋ ಕೈಗೆ ಬಂದ ಮೇಲೆ ಎರಡು ಪ್ರತಿ ಮಾಡಿ, ಒಂದನ್ನು ಬೀಗರ ಮನೆಯಲ್ಲಿಡಿ. ಒಂದೇ ಪೆನ್‌ಡ್ರೈವ್ ನಂಬಿಕೊಂಡು ಕೂರಬೇಡಿ. ಮುಖ್ಯವಾದ ಮೂವತ್ತು ನಲವತ್ತು ಫೋಟೋಗಳನ್ನಾದರೂ ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಹಿಂದೆ ಹೆಸರು ಬರೆದಿಡಿ.

ಹಾಗಾದರೆ ಯಾವುದನ್ನು ಆರಿಸಬೇಕು?

ದೊಡ್ಡ ಬಳಗದ ಮದುವೆಗೆ ಸಾಂಪ್ರದಾಯಿಕದವರು ಒಬ್ಬರು, ಕ್ಯಾಂಡಿಡ್‌ನವರು ಒಬ್ಬರು ಇದ್ದರೆ ಸಾಕು. ದುಡ್ಡು ಒಬ್ಬರಿಗೇ ಸಾಲುವುದಾದರೆ ಸಾಂಪ್ರದಾಯಿಕದವರನ್ನೇ ಹಿಡಿಯಿರಿ. ಶಾಸ್ತ್ರ ಮುಗಿದ ಮೇಲೆ ಒಂದು ಗಂಟೆ ಯಾರನ್ನೂ ನಿಲ್ಲಿಸದೆ ಊಟದ ಮನೆ, ಅಂಗಳದಲ್ಲಿ ಸುಮ್ಮನೆ ಓಡಾಡಿ ತೆಗೆಯಿರಿ ಎಂದು ಹೇಳಿ. ಮಾದರಿ ನೋಡುವಾಗ ಆಯ್ದ ಹತ್ತು ಚಿತ್ರ ನೋಡಿ ಮೋಸಹೋಗದೆ, ಒಂದು ಮದುವೆಯ ಪೂರ್ತಿ ಆಲ್ಬಂ ಕೇಳಿ ನೋಡಿ.

ಶೈಲಿ ಯಾವುದೇ ಇರಲಿ, ಯಾರ ಫೋಟೋ ಇರಬೇಕೆಂಬುದನ್ನು ಹೇಳಬೇಕಾದವರು ಮನೆಯವರೇ. ಗಂಡನನ್ನು ಕಳೆದುಕೊಂಡ ಅಜ್ಜಿ, ಸೋದರತ್ತೆ ಎಷ್ಟೋ ಮದುವೆಗಳಲ್ಲಿ ತಾವಾಗಿಯೇ ಮಂಟಪದಿಂದ ದೂರ ಉಳಿದುಬಿಡುತ್ತಾರೆ. ನಡೆಯಲಾಗದ ತಾತ ಮೂಲೆಯ ಕುರ್ಚಿಯಲ್ಲೇ ಕುಳಿತಿರುತ್ತಾರೆ. ಅಡುಗೆ ಮನೆ ನೋಡಿಕೊಳ್ಳುವ ಚಿಕ್ಕಪ್ಪ ಮೇಲೆ ಬರುವುದೇ ಇಲ್ಲ. ಇವರು ಯಾರೆಂದು ಹೊರಗಿನಿಂದ ಬಂದ ಫೋಟೋಗ್ರಾಫರ್‌ಗೆ ಹೇಗೆ ತಿಳಿದೀತು? ಇಂಥವರ ಹೆಸರನ್ನು ಪಟ್ಟಿಯ ಮೇಲ್ಭಾಗದಲ್ಲಿಯೇ ಬರೆಯಿರಿ. ಮುಹೂರ್ತಕ್ಕೆ ಮುಂಚೆ, ಜನ ಸೇರುವ ಮೊದಲೇ, ವಧೂವರರೇ ಅವರಿದ್ದಲ್ಲಿಗೆ ಹೋಗಿ ಪಕ್ಕದಲ್ಲಿ ಕೂತು ಒಂದು ಫೋಟೋ ತೆಗೆಸಿಕೊಳ್ಳಲಿ. ಅದಕ್ಕೆ ಐದು ನಿಮಿಷ ಸಾಕು, ಯಾವ ಪ್ಯಾಕೇಜೂ ಬೇಕಿಲ್ಲ.