ಅಜ್ಜಿ ನೋಡಿದ ಅರುಂಧತಿ

ಮಟಮಟ ಮಧ್ಯಾಹ್ನ ನಕ್ಷತ್ರ ನೋಡಿದ್ದೀರಾ ವೀಕ್ಷಕರೇ? ಮದುವೆಯಾದವರೆಲ್ಲ ನೋಡಿದ್ದೀರಿ! ಮೇ ತಿಂಗಳಲ್ಲಿ ನಾಗಮಂಗಲದ ಬಿಂಡಿಗನವಿಲೆಯಲ್ಲಿ ನೆಂಟರ ಮದುವೆ. ಪುರೋಹಿತರು ಸುಡುಬಿಸಿಲಲ್ಲಿ ಆಕಾಶಕ್ಕೆ ಬೆರಳು ತೋರಿಸಿ, "ಅರುಂಧತಿ ಕಾಣಿಸ್ತಾ?" ಅಂದರು. "ಕಾಣಿಸ್ತು" ಅಂದರು ಗಂಡು ಹೆಣ್ಣು. ಎಂಜಿನಿಯರಿಂಗ್ ಓದಿದ ನನಗೆ ತಡೆಯಲಾಗಲಿಲ್ಲ. ರಾತ್ರಿ ಕಾರಿನಲ್ಲಿದ್ದ ಪುಟ್ಟ ಟೆಲಿಸ್ಕೋಪನ್ನು ಮಹಡಿಗೆ ಹೊತ್ತೆ.

ಸಪ್ತರ್ಷಿ ಮಂಡಲದ ವಸಿಷ್ಠ, ಪಕ್ಕದಲ್ಲಿ ಮಸುಕಾಗಿ ಅರುಂಧತಿ. ಇದು ಬರಿಗಣ್ಣಿಗೇ ಸಿಗುವ ಜೋಡಿ. ಆದರೆ ಟೆಲಿಸ್ಕೋಪಿನಲ್ಲಿ ವಸಿಷ್ಠನೇ ಇಬ್ಬರಾಗ್ತಾನೆ! 1617ರಲ್ಲೇ ಇಟಲಿಯ ಬೆನೆಡೆಟ್ಟೊ ಕ್ಯಾಸ್ಟೆಲ್ಲಿ ಈ ನಕ್ಷತ್ರ ನೋಡಿ ಅಂತ ತನ್ನ ಗುರು ಗೆಲಿಲಿಯೊಗೆ ಕಾಗದ ಬರೆದಿದ್ದ.

ಇನ್ನೊಂದು ಜೋಡಿ ಪತ್ತೆಯಾಗಿದ್ದು ನಮ್ಮ ಪಕ್ಕದಲ್ಲೇ. 1689ರ ಡಿಸೆಂಬರ್, ಪಾಂಡಿಚೇರಿ. ಧೂಮಕೇತು ನೋಡುತ್ತಿದ್ದ ಫ್ರೆಂಚ್ ಪಾದ್ರಿ ಜಾನ್ ರಿಶೋಗೆ ಆಲ್ಫಾ ಸೆಂಟಾರಿ ಎರಡಾಗಿ ಕಂಡಿತು. ಸೂರ್ಯನ ನೆರೆಮನೆ ಅದು, ನಾಲ್ಕು ಚಿಲ್ಲರೆ ಜ್ಯೋತಿರ್ವರ್ಷ ದೂರ. ಆ ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತಲು ಸುಮಾರು 80 ವರ್ಷ. ಅಂದರೆ ಪಾದ್ರಿ ನೋಡಿದ ಮೇಲೆ ಆಗಿರುವುದು ಬರೀ ನಾಲ್ಕು ಸುತ್ತು! ಒಂದು ಸುತ್ತು ಪೂರ್ತಿ ನೋಡೋಕೆ ಒಬ್ಬರ ಆಯಸ್ಸು ಸಾಲದು. ಒಬ್ಬರು ಅಳೆದು ಬರೆದಿಟ್ಟಿದ್ದನ್ನು ಇನ್ನೊಬ್ಬರು ಮುಂದುವರಿಸಬೇಕು. ಹವ್ಯಾಸಿಗಳು ಇವತ್ತಿಗೂ ಮನೆ ಹಿತ್ತಿಲಿನಿಂದ ಈ ಕೆಲಸ ಮಾಡ್ತಾರೆ. ಅವತ್ತು ದಕ್ಷಿಣಕ್ಕೆ ತಿರುಗಿಸಿದರೆ, ತೆಂಗಿನ ಗರಿಗಳ ಸಂದಿಯಲ್ಲಿ ನನಗೂ ಅದು ಸಿಕ್ಕಿತು.

ಎಂಬತ್ತು ದಾಟಿದ ನಮ್ಮಜ್ಜಿಯನ್ನು ಕೈಹಿಡಿದು ಮೇಲೆ ಕರೆತಂದು ಮತ್ತೆ ವಸಿಷ್ಠನತ್ತ ತಿರುಗಿಸಿದೆ.

"ಇವರಿಬ್ರಲ್ಲಿ ಅರುಂಧತಿ ಯಾರು ಮಗಾ?"

"ಇಬ್ಬರೂ ವಸಿಷ್ಠನೇ ಅಜ್ಜಿ. ಸ್ವಲ್ಪ ಆಚೆ ಒಂಟಿಯಾಗಿದ್ದಾಳಲ್ಲ, ಅವಳು."

ಅಜ್ಜಿ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ನನ್ ಮದ್ವೇಲಿ ಕಾಣಿಸ್ತು ಅಂದ್ಬುಟ್ಟಿದ್ದೆ. ಸುಳ್ಳು ಕಣಪ್ಪ. ಇವತ್ತೇ ನೋಡಿದ್ದು."